ಕೂಸು ನೋಡುತ್ತಿದ್ದ ನರ್ಸಬಾಯಿ

"ಡಾಕ್ಟರ್ ಸಾಬ್, ನಿಮಗ ಕೂಸು ನೋಡ್ಲಿಕ್ಕೆ ಬರ್ತದೇನ್ರಿ?"

ಶಹಾಬಾದದ ಆ ಸಣ್ಣ ದವಾಖಾನೆಗೆ ಕೆಲಸಕ್ಕೆ ಸೇರಿದ ದಿನ ಅಲ್ಲಿಯ ನರ್ಸು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ನನಗಾಗ ಇಪ್ಪತ್ತಾರು ವರ್ಷ. ಕೊರಳಲ್ಲಿ ಹೊಸ ಸ್ಟೆತಾಸ್ಕೋಪು. "ಹುಬ್ಬಳ್ಳಿಯೊಳಗ ಓದಿ ಬಂದೀನಿ" ಎಂದೆ, ಸ್ವಲ್ಪ ಬಿಗಿಯಾಗಿಯೇ.

"ಓದಿದ್ದು ಕೇಳಿಲ್ರಿ. ನೋಡ್ಲಿಕ್ಕೆ ಬರ್ತದೇನು ಅಂತ ಕೇಳಿದೆ" ಎಂದು ಹೇಳಿ, ಉತ್ತರಕ್ಕೂ ಕಾಯದೆ ಹೆರಿಗೆ ಕೋಣೆಯೊಳಗೆ ಹೋಗಿಬಿಟ್ಟರು.

ಹೋದ ತಿಂಗಳು ಅವರು ತೀರಿಕೊಂಡರಂತೆ. ಅಲ್ಲಿಯ ಹಳೆಯ ಕಂಪೌಂಡರು ಒಂದು ಕಾರ್ಡು ಬರೆದಿದ್ದರು. 'ಬಾಯಾರು ಹೋದರು. ನಿಮಗೆ ತಿಳಿಸಬೇಕು ಅನಿಸಿತು.' ಎರಡೇ ಸಾಲು. ಕಾರ್ಡು ಬಂದ ಮರುದಿನ ವಾರ್ಡಿನಲ್ಲಿ ಒಂದು ಎಳೆಗೂಸನ್ನು ನೋಡುತ್ತ ಎಷ್ಟು ಹೊತ್ತು ನಿಂತುಬಿಟ್ಟಿದ್ದೆನೆಂದರೆ, ಕೂಸಿನ ತಾಯಿ ಗಾಬರಿಯಾಗಿ "ಏನಾಗ್ಯದ್ರಿ?" ಎಂದು ಕೇಳಿದಳು. ಕೂಸಿಗೆ ಏನೂ ಆಗಿರಲಿಲ್ಲ.

ಊರವರೆಲ್ಲ ಅವರನ್ನು ನರ್ಸಬಾಯಿ ಎನ್ನುತ್ತಿದ್ದರು, ಎದುರಿಗೆ ಬಾಯಾರ. ಚಿಂಚೋಳಿ ತಾಲೂಕಿನ ಕೊಡ್ಲಿಯ ಒಕ್ಕಲು ಮನೆತನದವರು. ಹುಡುಗಿಯಾಗಿದ್ದಾಗಲೇ ಹೈದರಾಬಾದಿಗೆ ಹೋಗಿ ನರ್ಸಿಂಗ್ ಕಲಿತಿದ್ದರು. ಅಲ್ಲಿಂದ ದಖನಿ ಉರ್ದು ಬಂದಿತ್ತು, ತೆಲುಗು ಮೊದಲೇ ಇತ್ತು. ಬೈಯುವುದು ಮಾತ್ರ ಕನ್ನಡದಲ್ಲೇ. ಕುಳ್ಳು, ದಪ್ಪ ಕನ್ನಡಕ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ ಬಿಳಿ ಸೀರೆ. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ. ಕೂಸಿನ ತೊಟ್ಟಿಲ ಹತ್ತಿರ ಅವರು ಕೂತದ್ದನ್ನು ನಾನು ನೋಡಲೇ ಇಲ್ಲ. ಮಧ್ಯಾಹ್ನದ ರೊಟ್ಟಿ, ಪುಂಡಿಪಲ್ಯವನ್ನೂ ಅಲ್ಲೇ ನಿಂತು ತಿನ್ನುತ್ತಿದ್ದರು, ಕಣ್ಣು ತೊಟ್ಟಿಲ ಮೇಲೆಯೇ.

ನಾನು ಸೇರಿ ಒಂದು ತಿಂಗಳಾಗಿರಬೇಕು. ಹುಟ್ಟಿ ಒಂದೇ ದಿನವಾದ ಕೂಸೊಂದರ ಕಾಲು ಪಟಪಟ ಅದುರುತ್ತಿತ್ತು. ನಾನು ಹೆದರಿ, "ಸಿಸ್ಟರ್, ಗಾರ್ಡಿನಾಲ್ ಇಂಜೆಕ್ಷನ್ ತರ್ರಿ, ಫಿಟ್ಸ್ ಬಂದಾವ" ಎಂದು ಕೂಗಿದೆ. ಅವರು ಬಂದರು. ಇಂಜೆಕ್ಷನ್ ತರಲಿಲ್ಲ. ನನ್ನ ಕೈ ಹಿಡಿದು ಕೂಸಿನ ಕಾಲಿನ ಮೇಲೆ ಇಟ್ಟರು.

"ಮೆಲ್ಲಕ ಮಡಚಿ ಹಿಡೀರಿ. ಒತ್ತಬ್ಯಾಡ್ರಿ. ಹಾಂ, ಹಂಗ."

ಅದುರುವುದು ನಿಂತಿತು.

"ನಿಂತಿತಲ್ರಿ? ಇದು ನಡುಕ. ಹಸಿವಾಗಿರ್ತದ, ಇಲ್ಲ ಥಂಡಿ ಆಗಿರ್ತದ. ಫಿಟ್ಸ್ ಇದ್ರ ನೀವು ಹಿಡಿದ್ರೂ ನಿಮ್ಮ ಕೈಯಾಗ ಕುಟ್ಟತದ. ಅದು ನಿಮ್ಮ ಮಾತು ಕೇಳಂಗಿಲ್ಲ."

ಇದು ಪುಸ್ತಕದಲ್ಲಿಯೂ ಇದ್ದ ಮಾತು. ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಕೈಗೆ ಮಾತ್ರ ತಿಳಿದಿರಲಿಲ್ಲ.

ಅಂದಿನಿಂದ ಅವರ ಹಿಂದೆ ಹಿಂದೆ ತಿರುಗಿದೆ. ಎಳೆಗೂಸಿಗೆ ಮಿದುಳಿನ ಸೆಳವು ಬಂದರೆ ದೊಡ್ಡವರಿಗೆ ಬಂದಂತೆ ಕಾಣುವುದಿಲ್ಲ. ಬಾಯಲ್ಲಿ ನೊರೆ ಇಲ್ಲ, ಒದ್ದಾಟವಿಲ್ಲ. ಬಾಯಲ್ಲಿ ಏನೂ ಇಲ್ಲದೆ ಚಪ್ಪರಿಸುತ್ತದೆ. ಎರಡೂ ಕಣ್ಣು ಒಂದೇ ಕಡೆ ಹೋಗಿ ನಿಲ್ಲುತ್ತವೆ. ಒಂದು ಕಾಲು ಸೈಕಲ್ ತುಳಿದಂತೆ ಆಡುತ್ತದೆ. ಇಲ್ಲವೇ ಸುಮ್ಮನೆ ಉಸಿರು ನಿಂತು ತುಟಿ ನೀಲಿಯಾಗುತ್ತದೆ. ಒಳಗೆ ಮಿದುಳು ಸುಡುತ್ತಿದ್ದರೂ ಹೊರಗೆ ಕಾಣುವುದು ಇಷ್ಟೇ. ಅವರ ಹತ್ತಿರ ಒಂದು ಶಾಲೆಯ ನೋಟ್‌ಬುಕ್ ಇತ್ತು. ಗಂಡಸರ ಕೈಗಡಿಯಾರವೊಂದನ್ನು ಪಿನ್ನಿನಿಂದ ಎದೆಗೆ ಸಿಕ್ಕಿಸಿಕೊಂಡಿದ್ದರು. ಅದನ್ನು ನೋಡಿ ಬರೆಯುತ್ತಿದ್ದರು: ಯಾವ ಊರಿನ, ಯಾರ ಕೂಸು, ಎಷ್ಟು ಗಂಟೆಗೆ ಏನು ಮಾಡಿತು, ಎಷ್ಟು ಹೊತ್ತು. ಔಷಧಿ ಕೊಟ್ಟು ಎಲ್ಲ ನಿಂತ ಮೇಲೆ ಕೊನೆಗೆ ಒಂದೇ ಪದ, 'ಸುಮ್ಮಗಾಯ್ತು.'

ಈ ಚಾಳಿ ಎಲ್ಲಿಂದ ಬಂತು ಎಂದು ಒಮ್ಮೆ ಕೇಳಿದೆ. ದವಾಖಾನೆಯ ಪಡಸಾಲೆಯಲ್ಲಿ ಹತ್ತಿ ಸುತ್ತುತ್ತ ಕೂತಿದ್ದರು.

"ನಾ ಹೊಸದಾಗಿ ಕೆಲಸಕ್ಕ ಸೇರಿದಾಗ ಚಿಂಚೋಳಿ ಕಡಿ ಇದ್ದೆ. ಒಂದು ಹೆಣ್ಣುಕೂಸು ಹುಟ್ಟಿತ್ತು. ಎರಡನೇ ದಿನ ಮಲಗಿದಲ್ಲೇ ತುಟಿ ಸೊಟ್ಟ ಮಾಡೋದು, ಬಾಯಿ ಚಪ್ಪರಿಸೋದು. ಮುದುಕ್ಯಾರೆಲ್ಲ, 'ಸೆಟಿಗೆವ್ವ ನಗಸ್ಲಿಕತ್ತಾಳ ನೋಡವ್ವಾ' ಅಂದ್ರು."

ಹುಟ್ಟಿದ ಐದನೆಯ ದಿನ ಕೂಸಿನ ಹಣೆಬರಹ ಬರೆಯುವ ತಾಯಿ ಸೆಟಿಗೆವ್ವ. ನಿದ್ದೆಯಲ್ಲಿ ಕೂಸು ನಕ್ಕರೂ ಅತ್ತರೂ ಅವಳೇ ಆಡಿಸುತ್ತಿದ್ದಾಳೆ ಎನ್ನುವುದು ಈ ಕಡೆಯ ನಂಬಿಕೆ.

"ನಾನೂ ನಿಂತು ನೋಡಿದೆ, ಡಾಕ್ಟರ್ ಸಾಬ್. ಭಾಳ ಚಂದ ಕಾಣ್ತಿತ್ತು. ನಾನೂ ನಕ್ಕೆ." ಅವರ ಕೈ ಹತ್ತಿ ಸುತ್ತುವುದನ್ನು ನಿಲ್ಲಿಸಲಿಲ್ಲ. "ಮೂರನೇ ದಿನ ಮುಂಜಾನಿ ಹೋಯ್ತು. ಅದರ ಅಪ್ಪ ಬಂದು ನನ್ನ ಕೈಯಾಗ ಬೆಲ್ಲ ಇಟ್ಟು, ನೀವು ಭಾಳ ನೋಡ್ಕೊಂಡ್ರಿ ಬಾಯಾರ ಅಂದ. ಆ ಬೆಲ್ಲ ಏನ್ ಮಾಡ್ಲಿ ಹೇಳ್ರಿ."

ಅದಾದ ಮೇಲೆ ಅವರು ಯಾವ ಕೂಸಿನ ನಗುವನ್ನೂ ನಂಬಲಿಲ್ಲ. ಮಲಗಿದ ಕೂಸು ತುಟಿ ಅರಳಿಸಿದರೆ ಸಾಕು, ಮನೆಯವರು ಖುಷಿಪಡುವ ಮೊದಲೇ ಇವರು ಓಡಿಬಂದು ಅಂಗೈ ಇಡುತ್ತಿದ್ದರು. ಬಾಣಂತಿಯರು ಅವರನ್ನು ಕಂಡರೆ ಅಂಜುತ್ತಿದ್ದರು. ನಾನೂ ಅಂಜುತ್ತಿದ್ದೆ ಎನ್ನಬೇಕು. ಅವರು ಯಾವುದಾದರೂ ತೊಟ್ಟಿಲ ಹತ್ತಿರ ಒಂದು ನಿಮಿಷ ಹೆಚ್ಚು ನಿಂತರೆ ಕೈಯಲ್ಲಿದ್ದ ಕೆಲಸ ಬಿಟ್ಟು ಅಲ್ಲಿಗೆ ಹೋಗುತ್ತಿದ್ದೆ.

ಎರಡನೆಯ ವರ್ಷದ ಬೇಸಿಗೆಯಲ್ಲಿ ಭಂಕೂರದ ಶರಣಮ್ಮ ಹೆರಿಗೆಗೆ ಬಂದಳು. ಗಂಡ ಸಾಬಣ್ಣ ಕಲ್ಲಿನ ಖಣಿಯಲ್ಲಿ ಕೆಲಸ ಮಾಡುವವನು. ಮನೆಯಲ್ಲೇ ಒಂದೂವರೆ ದಿನ ಬೇನೆ ತಿಂದು, ಕೊನೆಗೆ ಚಕ್ಕಡಿಯಲ್ಲಿ ಮಲಗಿಸಿಕೊಂಡು ತಂದಿದ್ದರು. ಕೂಸು ಹುಟ್ಟಿದಾಗ ಅಳಲಿಲ್ಲ. ಬೂದಿಯ ಬಣ್ಣ. ನಾನು ಉಸಿರು ಊದಿದೆ, ಅವರು ಬೆನ್ನು ಉಜ್ಜಿದರು. ಅದು ಒಂದು ಸಣ್ಣ ಸದ್ದು ಮಾಡಿದಾಗ ನನ್ನ ಅಂಗಿ ನೀರಾಗಿತ್ತು.

ಮರುದಿನ ಬೆಳಿಗ್ಗೆ ಒಂಬತ್ತು ಗಂಟೆಗೆ ಅವರು ನನ್ನನ್ನು ಕರೆದರು. "ಬಾಯಿ ನೋಡ್ರಿ."

ಕೂಸು ಚಪ್ಪರಿಸುತ್ತಿತ್ತು. "ಹಸಿವಾಗಿರಬೇಕು" ಎಂದೆ. ಹಾಗೇ ಆಗಿರಲಿ ಎಂದು ನನಗೆ ಆಸೆ.

"ಕಣ್ಣೂ ನೋಡ್ರಿ."

ಎರಡೂ ಕಣ್ಣು ಎಡಕ್ಕೆ ಹೋಗಿ ಅಲ್ಲೇ ನಿಂತಿದ್ದವು. ಬಲಗೈಯ ಹೆಬ್ಬೆರಳು ಸಣ್ಣಗೆ ಮಿಡಿಯುತ್ತಿತ್ತು. ನಾನು ಹಿಡಿದೆ. ನನ್ನ ಬೆರಳುಗಳ ನಡುವೆ ಅದು ಮಿಡಿಯುತ್ತಲೇ ಇತ್ತು.

ಸಕ್ಕರೆ ನೀರಿನ ಇಂಜೆಕ್ಷನ್ ಕೊಟ್ಟೆವು, ಕ್ಯಾಲ್ಸಿಯಂ ಕೊಟ್ಟೆವು, ಗಾರ್ಡಿನಾಲ್ ಕೊಟ್ಟೆವು. ನಿಂತಿತು. ಅವರು ನೋಟ್‌ಬುಕ್ಕಿನಲ್ಲಿ 'ಸುಮ್ಮಗಾಯ್ತು' ಎಂದು ಬರೆದರು. ಮಧ್ಯಾಹ್ನ ಎರಡಕ್ಕೆ ಮತ್ತೆ ಬಂತು. ನಾಲ್ಕಕ್ಕೆ ಮತ್ತೆ. ಪ್ರತಿ ಸಲವೂ ಅವರು ಬರೆದದ್ದನ್ನು ಹೊಡೆದುಹಾಕಿ ಹೊಸದಾಗಿ ಬರೆಯುತ್ತಿದ್ದರು. ಗಾರ್ಡಿನಾಲ್ ಹೆಚ್ಚಾದರೆ ಕೂಸಿನ ಉಸಿರೇ ನಿಂತೀತು. ಕಡಿಮೆಯಾದರೆ ಈ ಸೆಳವು. ನಾನು ಪುಸ್ತಕ ತೆಗೆದು ಅದೇ ಪುಟವನ್ನು ಮತ್ತೆ ಮತ್ತೆ ಓದುತ್ತಿದ್ದೆ.

ಅವರೇ ಹೇಳಿದರು. "ಹೈದರಾಬಾದಿನ ದೊಡ್ಡ ದವಾಖಾನಿಯಾಗ ಮಿದುಳಿನ ಬರವಣಿಗಿ ತಗಿಯೋ ಮಶೀನ್ ಬಂದದ ಅಂತ ಕೇಳೀನಿ. ತಲಿಗಿ ತಂತಿ ಹಚ್ಚತಾರ, ಒಳಗ ಏನ್ ನಡದದ ಅಂತ ಕಾಗದದ ಮ್ಯಾಲ ಬರೀತದ. ಒಯ್ಯೋಣ್ರಿ."

ಶರಣಮ್ಮನ ಅತ್ತೆ ಒಪ್ಪಲಿಲ್ಲ. "ಸೆಟಿಗೆವ್ವನ ಪೂಜಿ ಆಗಿಲ್ಲ, ಹಸಿಕೂಸು ಗಾಡಿಯಾಗ ಹ್ಯಾಂಗ ಒಯ್ತೀರಿ?" ಸಾಬಣ್ಣ ತಾಯಿಯ ಮುಖ ನೋಡಿದ, ನರ್ಸಬಾಯಿಯ ಮುಖ ನೋಡಿದ. ಹಾಸಿಗೆಯಲ್ಲಿ ಮಲಗಿದ್ದ ಶರಣಮ್ಮ ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದಳು: "ಒಯ್ರಿ ಬಾಯಾರ. ಪೂಜಿ ನಾ ಇಲ್ಲೇ ಮಾಡ್ತೀನಿ."

ನಮ್ಮ ದವಾಖಾನೆಯ ಹಿರಿಯ ಡಾಕ್ಟರು ರಜೆ ಮುಗಿಸಿ ಬಂದಿದ್ದರಿಂದ ನನಗೂ ಹೋಗಲು ಸಾಧ್ಯವಾಯಿತು. ಮರುದಿನ ಬೆಳಿಗ್ಗೆ ಕಲ್ಲಿನ ಲಾರಿಯೊಂದರಲ್ಲಿ ವಾಡಿಗೆ, ಅಲ್ಲಿಂದ ಹೈದರಾಬಾದಿನ ಗಾಡಿಗೆ. ಕೂಸು ಅವರ ತೊಡೆಯ ಮೇಲೆ, ಮೂಗಿನಲ್ಲಿ ಹಾಲಿನ ನಳಿಗೆ. ಎದುರಿಗೆ ನಾನು ಮತ್ತು ಸಾಬಣ್ಣ. ಕಿಟಕಿಯಿಂದ ಬಿಸಿಗಾಳಿ ನುಗ್ಗುತ್ತಿತ್ತು. ಒದ್ದೆ ಬಟ್ಟೆ ಕಟ್ಟಿದೆವು, ಅದು ಹತ್ತು ನಿಮಿಷಕ್ಕೆ ಒಣಗಿ ಹಪ್ಪಳವಾಗುತ್ತಿತ್ತು. ಚಿತ್ತಾಪುರ ದಾಟಿ ಸ್ವಲ್ಪ ಹೊತ್ತಿಗೆ ಅವರು ಒಮ್ಮೆಲೆ ಕೂಸಿನ ಅಂಗಾಲಿಗೆ ಬೆರಳಿನಿಂದ ಹೊಡೆದರು. ಮತ್ತೊಮ್ಮೆ ಹೊಡೆದರು.

"ಉಸಿರು ನಿಂತದ" ಎಂದರು. ದನಿ ಏರಲಿಲ್ಲ.

ನಾನು ಎದ್ದು ಕೂಸಿನ ಬಾಯಿಗೆ ಬಾಯಿ ಇಟ್ಟೆ. ಡಬ್ಬಿಯಲ್ಲಿದ್ದವರೆಲ್ಲ ಎದ್ದು ನಿಂತರು. ಯಾರೋ ಒಬ್ಬ ಮುದುಕಿ ಕಣ್ಣುಮುಚ್ಚಿ ಬಸವಾ ಬಸವಾ ಎನ್ನುತ್ತಿದ್ದಳು. ಎಷ್ಟು ಹೊತ್ತಾಯಿತೋ, ಕೂಸಿನ ಎದೆ ಒಮ್ಮೆ ಜಿಗಿಯಿತು, ಆಮೇಲೆ ತಾನಾಗಿಯೇ ಏರಿಳಿಯತೊಡಗಿತು. ಸೇಡಂ ಬರುವವರೆಗೆ ಸಾಬಣ್ಣ ನನ್ನ ಭುಜ ಹಿಡಿದುಕೊಂಡೇ ಇದ್ದ. ಅವನಿಗೆ ಹಿಡಿದಿರುವುದು ಗೊತ್ತಿರಲಿಲ್ಲ, ನನಗೆ ಬಿಡಿಸಿಕೊಳ್ಳಬೇಕು ಅನಿಸಲಿಲ್ಲ. ನರ್ಸಬಾಯಿ ಅಲ್ಲಿಂದ ಹೈದರಾಬಾದಿನವರೆಗೆ ಕೂಸಿನ ಉಸಿರು ಎಣಿಸಿದರು. ಬಾಯಿಬಿಟ್ಟು ಎಣಿಸುತ್ತಿದ್ದರು, ಉರ್ದು, ತೆಲುಗು, ಕನ್ನಡ ಎಲ್ಲ ಬೆರೆಸಿ.

ಆ ಮಶೀನು ಒಂದು ಕಪಾಟಿನಷ್ಟಿತ್ತು. ಕೂಸಿನ ತಲೆಗೆ ಬಿಳಿ ಅಂಟು ಹಚ್ಚಿ ಸಣ್ಣ ಸಣ್ಣ ಬಿಲ್ಲೆಗಳನ್ನು ಕೂರಿಸಿದರು. ಪ್ರತಿ ಬಿಲ್ಲೆಯಿಂದ ಒಂದು ತಂತಿ. ಆ ಹೊತ್ತಿಗೆ ಅಲ್ಲಿಯ ಡಾಕ್ಟರು ಮತ್ತೆ ಗಾರ್ಡಿನಾಲ್ ಕೊಟ್ಟಿದ್ದರಿಂದ ಕೂಸು ಕೈಕಾಲು ಸಡಿಲ ಬಿಟ್ಟು ಮಲಗಿತ್ತು. ಬಾಯಿ ಆಡುತ್ತಿರಲಿಲ್ಲ, ಕಣ್ಣು ನಡುವೆಯೇ ಇದ್ದವು. ನರ್ಸಬಾಯಿ ಹೆಬ್ಬೆರಳು ಹಿಡಿದು ನೋಡಿದರು. ಮಿಡಿತವಿಲ್ಲ. ಅವರ ಮುಖದ ಗೆರೆಗಳು ಎರಡು ದಿನಗಳಲ್ಲಿ ಮೊದಲ ಸಲ ಸಡಿಲವಾದವು. ನನ್ನ ಕಡೆ ತಿರುಗಿ, "ಸುಮ್ಮಗಾಯ್ತ್ರಿ" ಎಂದರು.

ಮಶೀನು ಶುರುವಾಯಿತು. ಕಾಗದ ಉದ್ದಕ್ಕೆ ಸರಿಯುತ್ತಿತ್ತು, ಅದರ ಮೇಲೆ ಸಾಲಾಗಿ ಮುಳ್ಳಿನಂಥ ಲೇಖನಿಗಳು. ಮೊದಲು ಸಣ್ಣ ಅಲೆ. ಆಮೇಲೆ ಒಂದು ಲೇಖನಿ ಕುಣಿಯತೊಡಗಿತು. ಪಕ್ಕದ್ದು ಕೂಡಿಕೊಂಡಿತು. ಚೂಪಾದ ಗೆರೆಗಳು, ಒಂದರ ಹಿಂದೊಂದು, ಒಂದೇ ಲಯದಲ್ಲಿ. ಲೇಖನಿಗಳು ಕಾಗದ ಗೀಚುವ ಸದ್ದು ಕೋಣೆಯಲ್ಲೆಲ್ಲ ಕೇಳುತ್ತಿತ್ತು.

ಕೂಸು ಅಲುಗುತ್ತಿರಲಿಲ್ಲ.

ನರ್ಸಬಾಯಿ ಕಾಗದ ನೋಡಿದರು, ಕೂಸು ನೋಡಿದರು. ಮತ್ತೆ ಅಂಗೈ ಇಟ್ಟರು, ಎದೆಯ ಮೇಲೆ, ಕಾಲಿನ ಮೇಲೆ, ದವಡೆಯ ಮೇಲೆ. "ಬಚ್ಚಾ ತೋ ಚುಪ್ ಹೈ ನಾ, ಸಾಬ್?" ಎಂದು ಡಾಕ್ಟರನ್ನು ಕೇಳಿದರು. ಕೂಸು ಸುಮ್ಮನೆ ಇದೆಯಲ್ಲ ಎಂದು.

ಅವರು ವಯಸ್ಸಾದ ಡಾಕ್ಟರು, ಮೃದುವಾಗಿಯೇ ಹೇಳಿದರು. ಔಷಧಿ ಕೈಕಾಲುಗಳನ್ನು ನಿಲ್ಲಿಸಿದೆ, ಮಿದುಳನ್ನು ನಿಲ್ಲಿಸಿಲ್ಲ. ಎಳೆಗೂಸುಗಳಲ್ಲಿ ಹೀಗಾಗುತ್ತದೆ. ಕಣ್ಣಿನಿಂದ ನೋಡಿ ಯಾರೂ ಹೇಳಲಾರರು.

ನರ್ಸಬಾಯಿ ಕೈ ಹಿಂದಕ್ಕೆ ತೆಗೆದುಕೊಂಡರು. ಬಿಸಿ ತಾಗಿದವರ ಹಾಗೆ.

ಅಲ್ಲಿಯವರು ಇನ್ನೊಂದು ಔಷಧಿ ಕೊಟ್ಟರು. ಮಶೀನು ನೋಡುತ್ತ ಸ್ವಲ್ಪ ಸ್ವಲ್ಪವೇ ಏರಿಸಿದರು. ಮೂರನೆಯ ದಿನ ಲೇಖನಿಗಳು ಇಳಿದವು. ಹನ್ನೊಂದನೆಯ ದಿನ ಕೂಸನ್ನು ಶರಣಮ್ಮನ ಮಡಿಲಿಗೆ ಹಾಕಿದೆವು. ಆ ಹುಡುಗಿ ನಡೆಯುವುದು ತಡವಾಯಿತು, ಬಲಗೈ ಸ್ವಲ್ಪ ಸೋತದ್ದು ಹಾಗೇ ಉಳಿಯಿತು. ಎಡಗೈಯಲ್ಲಿ ಬರೆಯುತ್ತಾಳೆ. ಬರೆಯಬಾರದು ಎಂದ ಮಾಸ್ತರನ ಜೊತೆ ಸಾಬಣ್ಣ ಜಗಳಕ್ಕೇ ನಿಂತಿದ್ದ.

ಆದರೆ ನರ್ಸಬಾಯಿ ಹೈದರಾಬಾದಿನಿಂದ ಬೇರೆಯವರಾಗಿ ಬಂದರು. ಬರುವಾಗ ಗಾಡಿಯಲ್ಲಿ ಒಂದೇ ಮಾತು ಆಡಿದ್ದು.

"ಅಂದ್ರ, ನಾ ಇಷ್ಟು ವರ್ಷ ಸುಮ್ಮಗಾಯ್ತು ಅಂತ ಬರದು ಮನಿಗಿ ಕಳಿಸಿದ ಕೂಸುಗೋಳು, ಡಾಕ್ಟರ್ ಸಾಬ್?"

ಮಶೀನು ಇಲ್ಲದ ಊರಲ್ಲಿ ನೀವೇನು ಮಾಡಬಹುದಿತ್ತು ಎನ್ನಬಹುದಿತ್ತು. ಅದು ನಿಜವೂ ಹೌದು. ಆದರೆ ಅವರ ಮುಖ ನೋಡಿದರೆ ಆ ಮಾತು ಬಾಯಿಗೆ ಬರಲಿಲ್ಲ.

ಅವರು ಸಾಮಾನ್ಯವಾಗಿ ರಜೆ ತೆಗೆದುಕೊಳ್ಳುತ್ತಿರಲಿಲ್ಲ. ಆಮೇಲೆ ಪ್ರತಿ ಭಾನುವಾರ ಬಸ್ಸು ಹತ್ತತೊಡಗಿದರು. ಕೊಡ್ಲಿಯ ತಮ್ಮನ ಮನೆಗೆ ಹೋಗುತ್ತಾರೆ ಎಂದು ಎಲ್ಲರೂ ತಿಳಿದಿದ್ದೆವು. ಸೋಮವಾರ ಬಂದಾಗ ಕಣ್ಣು ಕೆಂಪಾಗಿರುತ್ತಿದ್ದವು. ಒಂದು ದಿನ ಮೇಜಿನ ಮೇಲೆ ತೆರೆದೇ ಇಟ್ಟಿದ್ದ ನೋಟ್‌ಬುಕ್ಕಿನಲ್ಲಿ ಹಳೆಯ ಹೆಸರುಗಳ ಮುಂದೆ ಹೊಸ ಶಾಯಿಯಲ್ಲಿ ಬರೆದದ್ದು ಕಂಡಿತು. 'ನಡೀತದ.' 'ಶಾಲೆಗೆ ಹೋಗ್ತದ.' 'ಮಾತಿಲ್ಲ.' 'ತೀರಿಕೊಂಡದ.' ಅವರು ಮನೆ ಮನೆ ಹುಡುಕಿಕೊಂಡು ಹೋಗಿ ಆ ಮಕ್ಕಳನ್ನು ನೋಡಿ ಬರುತ್ತಿದ್ದರು.

ನಾನು ನೋಡಿದ್ದು ಅವರಿಗೆ ತಿಳಿಯಿತು. ಸಿಟ್ಟಾಗಲಿಲ್ಲ. "ಬರೋ ಭಾನುವಾರ ನನ್ನ ಸಂಗಟ ಬರ್ತೀರೇನು?" ಎಂದು ಕೇಳಿದರು. "ಒಂದು ಮನಿ ಅದ, ಅಲ್ಲಿಗಿ ಹೋಗ್ಲಿಕ್ಕೆ ಒಬ್ಬಾಕಿಗೆ ಧೈರ್ಯ ಸಾಲವಲ್ದು. ಎರಡು ಸಲ ಬಾಗಿಲ ತನಕ ಹೋಗಿ ತಿರುಗಿ ಬಂದೀನಿ."

ಚಿಂಚೋಳಿ ರಸ್ತೆಯ ಒಂದು ಹಳ್ಳಿ. ಬಾಗಿಲಲ್ಲಿ ನಮ್ಮನ್ನು ಕಂಡ ಹೆಣ್ಣುಮಗಳು ಸೆರಗು ಸರಿಮಾಡಿಕೊಂಡು, "ಬರ್ರಿ ಬಾಯಾರ, ಕುಂದ್ರಿ" ಎಂದಳು. ಅವಳ ಹೆಸರು ನೀಲಮ್ಮ. ಮಡಿಲಲ್ಲಿ ಆರು ವರ್ಷದ ಹುಡುಗ. ಕುತ್ತಿಗೆ ನಿಲ್ಲುತ್ತಿರಲಿಲ್ಲ. ಕಾಲುಗಳು ಕತ್ತರಿಯಂತೆ ಒಂದಕ್ಕೊಂದು ಹೆಣೆದುಕೊಂಡಿದ್ದವು. ಅವಳು ಅವನ ಜೊಲ್ಲನ್ನು ಸೆರಗಿನಿಂದ ಒರೆಸುತ್ತಲೇ ನಮಗೆ ನೀರು ಕೊಟ್ಟಳು.

ನರ್ಸಬಾಯಿ ನೀರು ಮುಟ್ಟಲಿಲ್ಲ. ನೆಲದ ಮೇಲೆ ಕೂತರು.

"ನೀಲವ್ವ, ನಾ ಒಂದು ಮಾತು ಹೇಳಬೇಕಾಗ್ಯಾದ. ಇವ ಹುಟ್ಟಿದಾಗ ಉಸಿರು ತಗೊಳ್ಳೋದು ತಡ ಆಯ್ತು. ಅದಕ್ಕ ಫಿಟ್ಸ್ ಬಂದ್ವು. ಔಷಧಿ ಕೊಟ್ವಿ. ನಾ ನಿನಗ ಸುಮ್ಮಗಾಯ್ತವ್ವ, ಮನಿಗಿ ಒಯ್ಯಿ ಅಂದೆ. ಹೊರಗ ಸುಮ್ಮಗಾಗಿತ್ತು. ತಲಿ ಒಳಗ ಆಗಿದ್ದಿಲ್ಲ ಅಂತ ಕಾಣ್ತದ. ನನಗ ತಿಳೀಲಿಲ್ಲವ್ವ. ನನ್ನ ತಪ್ಪು."

ನೀಲಮ್ಮ ಹುಡುಗನ ತಲೆಯನ್ನು ತೋಳಿಗೆ ಒರಗಿಸಿಕೊಂಡಳು. ಅವಳು ಎದ್ದು ಬೈಯುತ್ತಾಳೆ, ಹೊರಗೆ ಹೋಗಿರಿ ಎನ್ನುತ್ತಾಳೆ ಎಂದು ನಾನು ಕಾಯುತ್ತಿದ್ದೆ. ನರ್ಸಬಾಯಿ ಅದಕ್ಕೆಂದೇ ಬಂದವರಂತೆ ತಲೆ ತಗ್ಗಿಸಿ ಕೂತಿದ್ದರು.

"ಉಸಿರು ತಡ ಆಗಿದ್ದಕ್ಕೇನ್ರಿ ಹಿಂಗ ಆಗಿದ್ದು?" ನೀಲಮ್ಮ ಕೊನೆಗೆ ಕೇಳಿದಳು.

"ಹೌದವ್ವ."

"ಗ್ರಹಣಕ್ಕಲ್ಲ?"

"ಏನು?"

"ನಾ ಬಸುರಿದ್ದಾಗ ಗ್ರಹಣದಾಗ ನೀರಿಗಿ ಹೋಗಿದ್ದೆ. ಮನ್ಯಾಗ ಒಂದು ಕೊಡ ನೀರು ಇದ್ದಿಲ್ಲ. ಅದಕ್ಕ ಹಿಂಗ ಆಗ್ಯಾದ ಅಂತ ಆರು ವರ್ಷ ಆಯ್ತು ಬಾಯಾರ, ದಿನಾ ಅತ್ತಿ ಬಾಯಾಗ ಕೇಳಾಕತ್ತೀನಿ. ತವರಿಗಿ ಹೋದ್ರೂ ಅದೇ. ಇವನ ಮಾರಿ ನೋಡಿದಾಗೆಲ್ಲ, ನಾನೇ ಮಾಡಿದೆ ಅಂತ..." ಒಮ್ಮೆಲೆ ಒಳಗಿನ ಕಡೆ ತಿರುಗಿ ಗಟ್ಟಿಯಾಗಿ ಕೂಗಿದಳು: "ಅತ್ತೀ, ಹೊರಗ ಬರ್ರಿ! ಬಾಯಾರ ಏನ್ ಹೇಳ್ತಾರ ಕೇಳ್ರಿ. ಇನ್ನೊಂದು ಸಲ ಹೇಳ್ರಿ ಬಾಯಾರ, ಈಕಿ ಮುಂದ ಹೇಳ್ರಿ!"

ಒಳಗಿಂದ ಒಬ್ಬ ಮುದುಕಿ ಗೋಡೆ ಹಿಡಿದುಕೊಂಡು ಬಂದಳು. ನರ್ಸಬಾಯಿ ಮತ್ತೆ ಹೇಳಿದರು, ಮೊದಲಿನಿಂದ, ಒಂದು ಮಾತೂ ಬಿಡದೆ. ಮುದುಕಿ ನಂಬಲಿಲ್ಲ. ನನ್ನ ಕಡೆ ಬೆರಳು ತೋರಿಸಿ, "ಡಾಕ್ಟರ್ ಹೇಳ್ಲಿ" ಎಂದಳು.

ಅಲ್ಲಿಯವರೆಗೆ ನಾನು ಬಾಯಿ ಬಿಟ್ಟಿರಲಿಲ್ಲ. "ಅವ್ವಾ, ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ. ಹೆರಿಗಿಯೊಳಗ ಕೂಸಿಗೆ ಉಸಿರು ಸಾಲಲಿಲ್ಲ. ನಾವು ದವಾಖಾನಿಯವರು ನೋಡಬೇಕಾಗಿತ್ತು, ನಮಗ ಕಾಣಲಿಲ್ಲ. ನಿಮ್ಮ ಸೊಸಿದು ಏನೂ ತಪ್ಪಿಲ್ಲ" ಎಂದೆ.

ಮುದುಕಿ ಕ್ಷಮೆ ಕೇಳಲಿಲ್ಲ, ಅಳಲೂ ಇಲ್ಲ. ಸ್ವಲ್ಪ ಹೊತ್ತು ನಿಂತು, ಮೆಲ್ಲಗೆ ಕೂತು, ಸೊಸೆಯ ಮಡಿಲಿನಿಂದ ಹುಡುಗನನ್ನು ಎತ್ತಿ ತನ್ನ ತೊಡೆಯ ಮೇಲೆ ಹಾಕಿಕೊಂಡಳು. "ಚಾ ಮಾಡು ಹೋಗು" ಎಂದಳು. ನೀಲಮ್ಮ ಎದ್ದು ನಿಂತವಳು ಎರಡೂ ಕೈ ಖಾಲಿಯಾದದ್ದನ್ನು ನೋಡಿಕೊಳ್ಳುತ್ತ ಒಂದು ಕ್ಷಣ ಅಲ್ಲೇ ಇದ್ದಳು. ಆಮೇಲೆ ಒಳಗೆ ಹೋದಳು.

ಬಸ್ಸಿನಲ್ಲಿ ನರ್ಸಬಾಯಿ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ತೊಗರಿ ಹೊಲಗಳು ಮುಗಿದು ಕಲ್ಲಿನ ಗುಡ್ಡೆಗಳು ಶುರುವಾದ ಮೇಲೆ ನನ್ನ ಕಡೆ ತಿರುಗಿದರು.

"ಇನ್ನೂ ಒಂಬತ್ತು ಮನಿ ಉಳದಾವ್ರಿ, ಡಾಕ್ಟರ್ ಸಾಬ್" ಎಂದರು. "ಇನ್ನ ಮ್ಯಾಲ ಹೋದ ಕೂಡಲೇ ಮೊದಲ ಅತ್ತಿನ್ನ ಹೊರಗ ಕರೀಬೇಕು."